ಎರಡು ಬಾಗಿಲ ದಡ

"ಅಂತೂ ಬಂದನಲ್ಲ, ಪಾಪ," ಎಂದಳು ಲೋಲಾಕ್ಷಿ. ಉದ್ದನೆಯ ಗೋಡೆಯ ಕೊನೆಯ ಚಿತ್ರದ ಮುಂದೆ ನಿಂತು, ಟಿಫಿನ್ ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡಳು.

ಆಗಷ್ಟೇ ಬಂದು ಪಕ್ಕದಲ್ಲಿ ದೀಪಗಳನ್ನು ಸರಿಮಾಡುತ್ತಿದ್ದ ಮಗಳು ಅಕ್ಷಿತಾ ತಲೆಯೆತ್ತದೆಯೇ, ಯಾರು ಬಂದದ್ದು ಎಂದು ಕೇಳಿದಳು.

"ಗಂಡ ಮಾರಾಯ್ತಿ. ಎಷ್ಟು ಕಾಯಿಸಿದ ಆ ಹೆಂಗಸನ್ನು. ಕಡೆಗೆ ಮನೆಗೆ ಬಂದು ಊಟಕ್ಕೆ ಕೂತಿದ್ದಾನೆ ನೋಡು. ನಿನ್ನ ಪಪ್ಪನೂ ಹಾಗೆಯೇ, ದುಬಾಯಿಯಿಂದ ಬಂದವರು ಪೆಟ್ಟಿಗೆ ಬಿಚ್ಚುವ ಮೊದಲು ಊಟಕ್ಕೆ ಕೂತದ್ದು."

ಅಕ್ಷಿತಾಳ ಕೈ ಅಲ್ಲಿಗೇ ನಿಂತಿತು. ಆ ಕಥೆ ಅವಳಿಗೆ ಬಾಯಿಪಾಠ. ಅದರಲ್ಲಿ ಯಾರೂ ಮನೆಗೆ ಬರುವುದಿಲ್ಲ.

ಅದು ದುಬೈಯ ಒಂದು ಸಣ್ಣ ಕಲಾಕೇಂದ್ರ. ಜಪಾನಿನ ಚಿತ್ರಕಥೆಗಾರ ಒಗಿಹಾರ ತೆತ್ಸುಜಿಯವರ ಜೀವಮಾನದ ಕೆಲಸದ ಪ್ರದರ್ಶನ ಆ ಸಂಜೆ ಶುರುವಾಗಬೇಕಿತ್ತು. ಎಂಬತ್ತರ ಹತ್ತಿರದ ಒಗಿಹಾರರೇ ಹಿಂದಿನ ದಿನ ಬಂದಿಳಿದಿದ್ದರು; ಇನ್ನು ಸ್ವಲ್ಪ ಹೊತ್ತಿನಲ್ಲಿ, ಜನ ಸೇರುವ ಮೊದಲು, ಎಲ್ಲವನ್ನೂ ಒಮ್ಮೆ ನೋಡಲು ಬರುವವರಿದ್ದರು. ಅಕ್ಷಿತಾ ಅಲ್ಲಿ ತಾತ್ಕಾಲಿಕ ಕೆಲಸದವಳು. ಪೂರ್ತಿಯಾಗಿ ಅವಳ ಕೈಗೆ ಬಂದ ಮೊದಲ ಪ್ರದರ್ಶನ ಇದು. ಇದು ಸುಸೂತ್ರವಾಗಿ ಮುಗಿದರೆ ಕೆಲಸ ಖಾಯಂ, ಇಲ್ಲವಾದರೆ ಯಲ್ಲಾ, ನಡಿ, ಬೇರೆ ಕಡೆ ನೋಡಿಕೋ. ಮೇಲಿನವರಾದ ರೊಸಲಿನ್ ಮೇಡಂ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಗೋಡೆಯ ಪ್ರಿಂಟಿಂಗ್ ಕೆಲಸವನ್ನು ಮುರಕ್ಕಬಾತ್ ಬಡಾವಣೆಯಲ್ಲಿ ತನ್ನ ಪಪ್ಪ ಕೆಲಸ ಮಾಡುವ ಅಂಗಡಿಗೇ ಕೊಡುತ್ತೇನೆ ಎಂದು ಅಕ್ಷಿತಾ ಹಟ ಹಿಡಿದಾಗಲಂತೂ, ನಿನ್ನ ತಲೆ ನಿನ್ನ ಕೈಯಲ್ಲಿ ಉಂಟು ಎಂದು ನಕ್ಕಿದ್ದರು. ಕರಾವಳಿಯ ಬೆಂದೂರಿನಲ್ಲಿ ಹುಟ್ಟಿ ಬೆಳೆದ ರೊಸಲಿನ್ ಮೇಡಂ ನಕ್ಕರೆ ಅದರಲ್ಲಿ ಅರ್ಧ ತಮಾಷೆ ಇರುತ್ತಿತ್ತು. ಉಳಿದರ್ಧಕ್ಕೇ ಹೆದರಬೇಕು.

ಒಳಗಿನ ಕೋಣೆಗಳಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಮೊದಲನೆಯದರಲ್ಲಿ ಒಗಿಹಾರರು ಹುಡುಗನಾಗಿದ್ದಾಗ ಮೀನಿನ ಡಬ್ಬಿಗಳಿಗೆ ಬರೆದ ಲೇಬಲ್ಲುಗಳು. ಆಮೇಲೆ ಟೋಕಿಯೋ ಸೇರಿ, ಇನ್ನೊಬ್ಬ ದೊಡ್ಡ ಕಲಾವಿದನ ಕೈಕೆಳಗೆ ವರ್ಷಗಟ್ಟಲೆ ಬರೀ ಹಿನ್ನೆಲೆ ತುಂಬುತ್ತಿದ್ದ ಕಾಲದ ಹಾಳೆಗಳು: ಮಳೆ, ಹಂಚು, ವಿದ್ಯುತ್ ಕಂಬ. ಮನುಷ್ಯರನ್ನು ಬರೆಯುವ ಹಕ್ಕು ಆಗ ಅವರಿಗಿರಲಿಲ್ಲ. ಎರಡನೆಯ ಕೋಣೆಯಲ್ಲಿ ಅವರಿಗೆ ಹೆಸರು ತಂದ 'ಹಬೆ'. ಸಾರ್ವಜನಿಕ ಸ್ನಾನದ ಮನೆಯಲ್ಲಿ ಒಲೆ ಉರಿಸುವ ಒಬ್ಬ ಬಾಯಿಬಡುಕಿ ಹೆಂಗಸಿನ ಕಥೆ. ವಾರವಾರವೂ ಬಂದು ಜಪಾನಿನ ರೈಲುಗಳಲ್ಲೆಲ್ಲ ಜನರನ್ನು ನಗಿಸಿದ್ದು. ಮಕ್ಕಳಿಗಾಗಿ ಬರೆದ 'ಏಡಿ ಮಾಸ್ತರು' ಕೂಡ ಅಲ್ಲಿಯೇ ಇತ್ತು. ಕೈ ಸೋತು ವಾರದ ಧಾರಾವಾಹಿಗಳನ್ನು ಬಿಟ್ಟ ಮೇಲೆ ಅವರು ಬರೆದ ಪುಟ್ಟ ಪುಸ್ತಕ 'ದಡ'. ಮಾತಿಲ್ಲ, ಪುಟಕ್ಕೊಂದೇ ಚಿತ್ರ. ಬೆಸ್ತನೊಬ್ಬ ಹೆಂಡತಿ, ಮಗುವಿನೊಡನೆ ದೀಪದ ಬೆಳಕಿನಲ್ಲಿ ಊಟ ಮಾಡುತ್ತಾನೆ, ದೋಣಿ ಇಳಿಸುತ್ತಾನೆ, ಚುಕ್ಕೆಯಾಗುತ್ತಾನೆ. ಹೆಂಡತಿ ಕಾಯುತ್ತಾಳೆ. ಮಗು ಬೆಳೆದು ಹೊರಟುಹೋಗುತ್ತದೆ, ಅವಳ ಕೂದಲು ನೆರೆಯುತ್ತದೆ, ಕೊನೆಯಲ್ಲಿ ಮರಳಿನ ಮೇಲೆ ಒಂದು ಜೊತೆ ಚಪ್ಪಲಿ ಮಾತ್ರ ಇರುತ್ತದೆ. ಒಗಿಹಾರರ ಅಪ್ಪ ಹಾಗೆ ಹೋದವರೇ ಎಂದು ಪುಸ್ತಕದ ಬೆನ್ನುಪುಟದಲ್ಲಿ ಒಂದು ಸಾಲು ಇತ್ತು.

ಈ 'ದಡ'ವನ್ನೇ ಅಕ್ಷಿತಾ ಓಣಿಯಂಥ ಉದ್ದ ಕೋಣೆಯ ಗೋಡೆಗೆ ಆಳೆತ್ತರದಲ್ಲಿ ಪ್ರಿಂಟ್ ಮಾಡಿಸಿ ಅಂಟಿಸಲು ಹೇಳಿದ್ದು. ಈಗ ಅವಳು ಬಾಗಿಲಿನತ್ತ ಓಡಿ ನೋಡಿದಳು. ಜನ ಒಳಗೆ ಬರುವ ಬಾಗಿಲ ಪಕ್ಕದ ಮೊದಲ ಚಿತ್ರ, ಮರಳಿನ ಮೇಲಿನ ಚಪ್ಪಲಿ. ಅಲ್ಲಿಂದ ಮುಂದೆ ನಡೆದರೆ ಮುದುಕಿಯ ಕೂದಲು ಕಪ್ಪಾಗುತ್ತ ಬರುತ್ತದೆ, ದೊಡ್ಡ ಹುಡುಗ ಚಿಕ್ಕವನಾಗಿ ಸೊಂಟ ಏರುತ್ತಾನೆ, ಚುಕ್ಕೆ ದೋಣಿಯಾಗುತ್ತದೆ. ಕೊನೆಗೆ ಊಟ. ಪೂರಾ ಕಥೆ ತಿರುವುಮುರುವು.

ಅವಳ ಪಪ್ಪ ಪುರಂದರ ಕೆಳಗೆ ಕೂತು, ಅಂಟುವ ವಿನೈಲ್ ಹಾಳೆಯ ತುಂಡುಗಳನ್ನು ಗುಡಿಸಿ ಚೀಲಕ್ಕೆ ತುಂಬುತ್ತಿದ್ದ. ನಿನ್ನೆ ಮಗಳು ಒಗಿಹಾರರನ್ನು ಕರೆತರಲು ವಿಮಾನ ನಿಲ್ದಾಣಕ್ಕೆ ಹೋಗಿದ್ದಾಗ ಅಷ್ಟನ್ನೂ ತಾನೇ ನಿಂತು ಅಂಟಿಸಿದ್ದ. ಒಂದು ಗುಳ್ಳೆ ಇಲ್ಲ, ಒಂದು ಜೋಡಣೆ ಕಾಣುವುದಿಲ್ಲ ಎಂಬ ಹೆಮ್ಮೆ ಮುಖದ ಮೇಲಿತ್ತು. ಅಂಟಿಸುವವನ ಕಣ್ಣು ಗುಳ್ಳೆ ಹುಡುಕುತ್ತದೆ, ಕಥೆಯನ್ನಲ್ಲ.

"ಪಪ್ಪ, ನೀವು ಒಂದನೇ ನಂಬರನ್ನು ಯಾವ ತುದಿಯಿಂದ ಶುರುಮಾಡಿದ್ದು?"

"ಬಲದಿಂದ. ಬಾಗಿಲ ಹತ್ತಿರದಿಂದ," ಎಂದ ಪುರಂದರ. "ಜಪಾನಿ ಪುಸ್ತಕ ಅರಬಿ ಹಾಗೆಯೇ ಅಲ್ಲವಾ, ಬಲದಿಂದ ಎಡಕ್ಕೆ. ನನಗೆ ಗೊತ್ತಿಲ್ಲ ಅಂತ ಮಾಡಿದ್ದೀಯಾ?"

ಗೊತ್ತಿಲ್ಲ ಅಂತಲೇ ಅವಳು ಮಾಡಿದ್ದು. ಪಪ್ಪನ ಅಂಗಡಿಯ ಅಭ್ಯಾಸ ಅವಳಿಗೆ ಚಿಕ್ಕಂದಿನಿಂದ ತಿಳಿದದ್ದೇ. ಗೋಡೆ ಕೆಲಸವೆಂದರೆ ಎಡ ತುದಿಯಲ್ಲಿ ಒಂದನೇ ನಂಬರಿನಿಂದ ಹಿಡಿದು ಬಲಕ್ಕೆ ಅಂಟಿಸುತ್ತ ಬರುವುದು. ಅದಕ್ಕೇ ಅವಳು ಬುದ್ಧಿ ಉಪಯೋಗಿಸಿ, ಹೇಳಿ ಗೊಂದಲ ಮಾಡುವುದು ಬೇಡವೆಂದು, ಕಥೆಯ ಕೊನೆಯ ಚಿತ್ರಕ್ಕೆ ಒಂದನೇ ನಂಬರು ಕೊಟ್ಟು ಫೈಲುಗಳನ್ನು ಕಳಿಸಿದ್ದಳು. ಪಪ್ಪ ಎಂದಿನಂತೆ ಎಡದಿಂದ ಅಂಟಿಸಿದ್ದರೆ ಮೊದಲ ಚಿತ್ರ ಬಲದ ಬಾಗಿಲ ಹತ್ತಿರ ಬಂದು ಎಲ್ಲವೂ ತನ್ನಷ್ಟಕ್ಕೆ ಸರಿಯಾಗುತ್ತಿತ್ತು. ಪುರಂದರನಾದರೋ ಅವಳು ಹದಿಮೂರರವಳಿದ್ದಾಗಿನ ಮಾತನ್ನು ಮರೆತಿರಲಿಲ್ಲ. ಮನೆಯಲ್ಲಿ, ಕರಾಮದ ಫ್ಲಾಟಿನಲ್ಲಿ, ಅವಳು ಇದೇ ಒಗಿಹಾರರ ಪುಸ್ತಕ ಹಿಡಿದು ಕೂತಿದ್ದಾಗ, ಉಲ್ಟಾ ಹಿಡಿದಿದ್ದೀಯಲ್ಲ ಎಂದು ಇವನು ಹೇಳಿ, ಅವಳು ತನ್ನ ಗೆಳತಿಯರ ಎದುರು ಹೊಟ್ಟೆ ಹಿಡಿದು ನಕ್ಕಿದ್ದಳು. ಈ ಸಲ ಕೇಳದೆಯೇ ಸರಿಯಾಗಿ ಮಾಡಿ ತೋರಿಸಬೇಕೆಂಬ ಆಸೆ ಅವನದು. ಅಪ್ಪನ ತಪ್ಪನ್ನು ಮಗಳು ಮೊದಲೇ ತಿದ್ದಿದಳು, ಅದೇ ತಪ್ಪನ್ನು ಅಪ್ಪ ಆಮೇಲೆ ತಾನೂ ತಿದ್ದಿದ, ಇಬ್ಬರೂ ಸೇರಿ ಇಡೀ ದಡವನ್ನು ಮಗುಚಿ ಹಾಕಿದರು.

"ನಾನು ತಿರುಗಿಸಿಯೇ ಕಳಿಸಿದ್ದೆ ಪಪ್ಪ," ಎಂದಳು ಅಕ್ಷಿತಾ.

ಪುರಂದರನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದಾಗ ಅವನು ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಮೊದಲ ಸಲ ಚಿತ್ರಗಳನ್ನು ನೋಡಿದ. ಅವನ ಮುಖ ಸಣ್ಣದಾಯಿತು. ಕಿತ್ತರೆ ವಿನೈಲ್ ಜೊತೆ ಗೋಡೆಯ ಪೇಂಟೂ ಬರುತ್ತದೆ. ಮತ್ತೆ ಪ್ರಿಂಟ್ ಮಾಡಿ ಅಂಟಿಸುವಾಗ ನಾಳೆಯಾಗುತ್ತದೆ. ಅಂಗಡಿಯ ಮಾಲೀಕ ಅರ್ಶದ್‌ಗೆ ಫೋನ್ ಮಾಡಿ ಮೆಶಿನ್ ಖಾಲಿ ಇಡಲು ಹೇಳಿದ, ಹೇಳುತ್ತ ಹೇಳುತ್ತಲೇ ಅದು ಪ್ರಯೋಜನವಿಲ್ಲದ ಮಾತು ಎಂದು ಅವನಿಗೇ ಗೊತ್ತಾಯಿತು. ಮಗಳ ಕೆಲಸ ತನ್ನ ಕೈಯಿಂದಲೇ ಹೋಯಿತಲ್ಲ ಎಂದುಕೊಂಡು ಫೋನನ್ನು ಜೇಬಿಗೆ ಹಾಕಿದ.

ಲೋಲಾಕ್ಷಿಗೆ ಮಾತ್ರ ಇಷ್ಟೆಲ್ಲ ಗಾಬರಿ ಯಾಕೆಂದು ತಿಳಿಯಲಿಲ್ಲ. ಮದುವೆಯಾದ ಹೊಸತರಲ್ಲೇ ಗಂಡನನ್ನು ದುಬೈಗೆ ಕಳಿಸಿ, ಅವನು ಕರಾಮದಲ್ಲಿ ಬಾಡಿಗೆಗೆ ಹಿಡಿದ ಒಂದು ಮಂಚದ ಬೆಡ್‌ಸ್ಪೇಸಿನಿಂದ ಫ್ಯಾಮಿಲಿ ವೀಸಾದವರೆಗೆ ಏರುವಷ್ಟು ಕಾಲ ಉಡುಪಿಯಲ್ಲಿ ಕಾದವಳು ಅವಳು. ಕಥೆ ಚೆನ್ನಾಗಿಯೇ ಉಂಟಲ್ಲ ಎಂದು ಅವಳು ಗೊಣಗಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ರೊಸಲಿನ್ ಮೇಡಂ ಬಂದು ನೋಡಿದರು. ಬೈಯಲಿಲ್ಲ. ಒಗಿಹಾರರ ಕಾರು ಹೊರಟಾಗಿದೆ, ಈಗ ಮುಚ್ಚಿಡುವುದೆಂದರೆ ಪರದೆ ಎಳೆಯಬೇಕು, ಪರದೆ ಎಳೆದರೆ ಅವರು ಮೊದಲು ಪರದೆಯನ್ನೇ ಕೇಳುತ್ತಾರೆ ಎಂದರು. ಇದ್ದದ್ದನ್ನು ಹೇಳುವುದೇ ವಾಸಿ ಎಂದು ಅವರ ತೀರ್ಮಾನ. ಯಾರು ಹೇಳುವುದು ಎಂಬಲ್ಲಿ ಅಪ್ಪನೂ ಮಗಳೂ ಒಟ್ಟಿಗೇ ಬಾಯಿ ತೆರೆದರು.

ಒಗಿಹಾರರು ಬಂದರು. ಕುಳ್ಳಗಿನ ಮನುಷ್ಯ, ಬಿಳಿ ಕ್ಯಾನ್ವಾಸ್ ಶೂ, ತಲೆಗೆ ಬಿಸಿಲ ಟೋಪಿ. ಜೊತೆಗೆ ಇಂಗ್ಲಿಷಿಗೆ ಅನುವಾದಿಸುವ ಹುಡುಗಿ. ತಮ್ಮ ಹಳೆಯ ಲೇಬಲ್ಲುಗಳ ಮುಂದೆ ನಿಂತು, ಈ ಮೀನು ಬರೆಯುವಾಗ ನನಗೆ ಅದನ್ನು ಕೊಂಡು ತಿನ್ನುವ ಯೋಗ್ಯತೆ ಇರಲಿಲ್ಲ ಎಂದು ನಗಿಸಿದರು. 'ಹಬೆ'ಯ ಬಾಯಿಬಡುಕಿಗೆ ಕೈಯೆತ್ತಿ ನಮಸ್ಕಾರ ಹೇಳಿದರು. ಹಿಂದೆ ಬರುತ್ತಿದ್ದ ಅಕ್ಷಿತಾಳಿಗೆ ಆ ಮಾತೊಂದೂ ಕಿವಿಗೆ ಇಳಿಯಲಿಲ್ಲ. ಹದಿಮೂರನೆಯ ವಯಸ್ಸಿನಿಂದ ಈ ಮನುಷ್ಯನ ಜೊತೆ ಒಮ್ಮೆ ಅವರ ಚಿತ್ರಗಳನ್ನು ನೋಡಬೇಕೆಂದಿದ್ದಳು. ಈಗ ಇವರು ಇನ್ನೂ ಸ್ವಲ್ಪ ನಿಧಾನ ನಡೆದರೆ ಸಾಕಿತ್ತು ಎನಿಸುತ್ತಿತ್ತು.

ಓಣಿಯ ಬಾಗಿಲಿನಲ್ಲಿ ಚಪ್ಪಲಿಯ ಚಿತ್ರ ಕಂಡೊಡನೆ ಒಗಿಹಾರರು ನಿಂತರು. ಟೋಪಿ ತೆಗೆದರು. ಅನುವಾದದ ಹುಡುಗಿಗೆ ಅಲ್ಲೇ ಇರುವಂತೆ ಕೈಸನ್ನೆ ಮಾಡಿ ಒಬ್ಬರೇ ಗೋಡೆಯ ಉದ್ದಕ್ಕೂ ನಡೆದುಹೋದರು. ಒಂದೊಂದು ಚಿತ್ರದ ಮುಂದೂ ನಿಲ್ಲುತ್ತಿದ್ದರು. ಊಟದ ಚಿತ್ರದ ಮುಂದೆ ನಿಂತವರು ಬಹಳ ಹೊತ್ತು ತಿರುಗಲಿಲ್ಲ.

ಪುರಂದರನಿಗೆ ತಡೆಯಲಾಗಲಿಲ್ಲ. ಹತ್ತಿರ ಹೋಗಿ, ತನಗೆ ಬರುವ ಇಂಗ್ಲಿಷಿನಲ್ಲಿ, ತಪ್ಪು ತನ್ನದು, ಹುಡುಗಿಯದಲ್ಲ ಎಂದ. ಅಕ್ಷಿತಾ ಹಿಂದಿನಿಂದ, ನಂಬರು ಕೊಟ್ಟದ್ದು ನಾನು ಎಂದಳು. ಅನುವಾದದ ಹುಡುಗಿ ಯಾರ ತಪ್ಪನ್ನು ಮೊದಲು ಹೇಳಬೇಕೆಂದು ತಿಳಿಯದೆ ಇಬ್ಬರದ್ದನ್ನೂ ಒಟ್ಟಿಗೆ ಹೇಳಿದಳು. ನೀವಿಬ್ಬರು ಅಪ್ಪ ಮಗಳೇ ಎಂದು ಒಗಿಹಾರರು ಕೇಳಿದರು. ಹೌದೆಂದಾಗ ಅವರಿಗೆ ನಗು ಬಂತು, ನಗುವಿನ ಜೊತೆ ಕಣ್ಣೂ ಒದ್ದೆಯಾಯಿತು, ಅದನ್ನು ಅವರು ಮರೆಮಾಚುವುದಕ್ಕೆ ಹೋಗಲಿಲ್ಲ.

ಅವರು ಮೆಲ್ಲಗೆ ಹೇಳಿದ್ದನ್ನು ಹುಡುಗಿ ತುಂಡು ತುಂಡಾಗಿ ಇಂಗ್ಲಿಷಿಗೆ ತಂದಳು. ಅಕ್ಷಿತಾ ಅಮ್ಮನಿಗಾಗಿ ಅದನ್ನು ಕನ್ನಡದಲ್ಲಿ ಹೇಳಿದಳು.

"ಈ ಪುಸ್ತಕ ಬಂದಾಗ ಅವರ ಅಮ್ಮ ಇದ್ದರಂತೆ. ತುಂಬ ವಯಸ್ಸಾಗಿತ್ತಂತೆ. ಮೊದಲ ಚಿತ್ರ, ಈ ಊಟದ್ದು, ನೋಡಿ ಪುಸ್ತಕ ಮುಚ್ಚಿಬಿಟ್ಟರಂತೆ. ಮುಂದಿನದು ನನಗೆ ಗೊತ್ತುಂಟು, ನೋಡುವುದಿಲ್ಲ ಅಂದರಂತೆ. ಹೀಗೆ ಬರೆದಿದ್ದರೆ ಕೊನೆಯವರೆಗೂ ನೋಡುತ್ತಿದ್ದರು ಅಂತ ಹೇಳುತ್ತಿದ್ದಾರೆ."

ಲೋಲಾಕ್ಷಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಾನು ಆಗಲೇ ಹೇಳಿದ್ದಲ್ಲವಾ," ಎಂದಳು.

ಒಗಿಹಾರರು ಓಣಿಯ ಆ ತುದಿಯಲ್ಲಿ ಮುಚ್ಚಿದ್ದ ಇನ್ನೊಂದು ಬಾಗಿಲನ್ನು ತೋರಿಸಿ, ಅದನ್ನು ತೆರೆಯಬಹುದೇ ಎಂದು ಕೇಳಿದರು. ಅದು ಹೊರಗೆ ಹೋಗಲು ಮಾತ್ರ ಎಂದು ಇಟ್ಟದ್ದು, ಬೇಕಾದರೆ ತೆರೆಯಬಹುದು ಎಂದರು ರೊಸಲಿನ್. ಹಾಗಾದರೆ ಎರಡನ್ನೂ ತೆರೆದಿಡಿ, ಬಂದವರು ತಮಗೆ ಬೇಕಾದ ಕಡೆಯಿಂದ ಬರಲಿ, ನಾನು ಬರೆದದ್ದೂ ಇರಲಿ, ಇವರಿಬ್ಬರು ಬರೆದದ್ದೂ ಇರಲಿ ಎಂದು ಒಗಿಹಾರರು ಟೋಪಿ ಹಾಕಿಕೊಂಡರು. ಆಮೇಲೆ ಟಿಫಿನ್ ಡಬ್ಬಿಯ ಕಡೆ ನೋಡಿ ಅದರಲ್ಲಿ ಏನಿದೆ ಎಂದು ಕೇಳಿದರು. ನೀರುದೋಸೆ, ಬಂಗುಡೆ ಮೀನಿನ ಗಸಿ. ಪುರಂದರನಿಗೆಂದು ತಂದದ್ದರಲ್ಲಿ ಹೆಚ್ಚಿನ ಪಾಲು ಜಪಾನಿಗೆ ಹೋಯಿತು, ಪುರಂದರನಿಗೆ ಅದರ ಬೇಸರವೇನೂ ಇರಲಿಲ್ಲ. ಮೀನು ಬಿಡಿಸಿದ ರೀತಿ ನೋಡಿದರೆ ಇವರು ನಮ್ಮವರೇ ಎಂದು ಲೋಲಾಕ್ಷಿ ಸರ್ಟಿಫಿಕೇಟು ಕೊಟ್ಟಳು.

ರೊಸಲಿನ್ ಮೇಡಂ ಅಕ್ಷಿತಾಳನ್ನು ಪಕ್ಕಕ್ಕೆ ಕರೆದು, ಮುಂದಿನ ಪ್ರದರ್ಶನವೂ ನಿನ್ನದೇ ಎಂದರು. "ಆದರೆ ಒಂದು ಮಾತು ಹೇಳ್ತೇನೆ. ನೀವು ಅಪ್ಪ ಮಗಳು ಒಬ್ಬರಿಗೊಬ್ಬರು ಬಾಯಿ ಬಿಟ್ಟು ಕೇಳಿ ಆಯ್ತಾ. ಫೋನ್ ಉಂಟಲ್ಲ." ಅಕ್ಷಿತಾ ತಲೆಯಾಡಿಸಿದಳು. ಅಪ್ಪನ ಕಡೆ ತಿರುಗಿದಾಗ ಇಬ್ಬರಿಗೂ ಒಟ್ಟಿಗೇ ನಗು ಬಂತು, ಅಷ್ಟು ಹೊತ್ತಿನ ಗಾಬರಿಯೆಲ್ಲ ಆ ನಗುವಿನಲ್ಲಿ ಹೋಯಿತು.

ಸಂಜೆ ಜನ ಬಂದರು. ಕರಾಮದ ನೆರೆಯವರು, ಅಕ್ಷಿತಾಳ ವಯಸ್ಸಿನ ಹುಡುಗ ಹುಡುಗಿಯರು, ಕಂದೂರ ಎಂಬ ಬಿಳಿ ನಿಲುವಂಗಿ ತೊಟ್ಟ ಊರಿನ ಅರಬರು, ಜಪಾನೀಯರು. ಕೆಲವರು ಚಪ್ಪಲಿಯ ಬಾಗಿಲಿನಿಂದ ಬಂದು ನಗುಮುಖದಲ್ಲಿ ಆ ಕಡೆ ಹೋದರು, ಕೆಲವರು ಊಟದ ಬಾಗಿಲಿನಿಂದ ಬಂದು ಕಣ್ಣೊರೆಸಿಕೊಂಡು ಈ ಕಡೆ ಹೋದರು. ಕೆಲವರು ಎರಡು ಸಲ ಬಂದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ ಪುರಂದರ, ಕಥೆಯನ್ನು ಒಮ್ಮೆಯಾದರೂ ಬರೆದವರು ಬರೆದಂತೆ ನೋಡಬೇಕೆಂದು, ಊಟದ ಚಿತ್ರದ ಕಡೆಯ ಬಾಗಿಲಿನಿಂದ ಒಳಗೆ ಹೊಕ್ಕ. ಈ ಸಲ ಗುಳ್ಳೆ ಹುಡುಕಲಿಲ್ಲ.

ನಡುವಿನ ಚಿತ್ರದಲ್ಲಿ ಸಮುದ್ರ ಮಾತ್ರ, ಅದರ ಅಂಚಿನಲ್ಲಿ ಒಂದು ಚುಕ್ಕೆ ದೋಣಿ. ಅವನು ಅಲ್ಲಿಗೆ ಬಂದಾಗ ಲೋಲಾಕ್ಷಿ ಚಪ್ಪಲಿಯ ಕಡೆಯಿಂದ ನಡೆಯುತ್ತ ಅಲ್ಲಿಗೇ ಬಂದಿದ್ದಳು. ಇಬ್ಬರೂ ನಿಂತು ಆ ಚುಕ್ಕೆಯನ್ನು ನೋಡಿದರು. ಜನ ಅವರ ಹಿಂದಿನಿಂದ ಎರಡೂ ದಿಕ್ಕಿಗೆ ಹಾದುಹೋಗುತ್ತಿದ್ದರು. ಪುರಂದರ ಮುಂದಿನ ಚಿತ್ರಕ್ಕೆಂದು ಹೆಜ್ಜೆ ಎತ್ತಿದ.

"ಆ ಕಡೆ ಎಂತ ಇಲ್ಲ. ಬನ್ನಿ," ಎಂದಳು ಲೋಲಾಕ್ಷಿ. ಅವನ ಮಣಿಕಟ್ಟು ಹಿಡಿದು, ಅವನು ಬಂದ ದಾರಿಯಲ್ಲೇ ಅವನನ್ನು ತಿರುಗಿಸಿಕೊಂಡು, ದೀಪ ಹಚ್ಚಿಟ್ಟ ಊಟದ ಕಡೆಗೆ ನಡೆದಳು.