ಯಾರ್ರೀ ಮೂಡಲಪಾಳ್ಯ

ಬಾಗಿಲ ಬಳಿ ನಿಂತ ಆಂಟಿಯ ಜಡೆಯಲ್ಲಿ ಒಂದು ಕನಕಾಂಬರದ ದಂಡೆ, ಒಂದೇ, ಮತ್ತೆ ನೋಡಿದೆ, ಒಂದೇ — ಎರಡು ವರ್ಷದ ಹಿಂದೆ ಇದೇ ಬಸ್ಸಿನಲ್ಲಿ ನನಗೆ ಎಲ್ಲವೂ ಎರಡೆರಡು, ಎರಡು ಡ್ರೈವರು, ಎರಡು ಬಾಗಿಲು, ರೆಪ್ಪೆ ತಾನಾಗಿ ಇಳಿಯುತ್ತಿತ್ತು, ಮೆಜೆಸ್ಟಿಕ್ಕಿನಲ್ಲಿ ಗಟ್ಟಿಯಾಗಿದ್ದ ದನಿ ವಿಜಯನಗರ ಮುಟ್ಟುವಷ್ಟರಲ್ಲಿ ಮೂಗಿನೊಳಗೆ ಸೇರಿಬಿಡುತ್ತಿತ್ತು, ಏನಮ್ಮಾ ಕಂಡಕ್ಟರ್, ಬೆಳಗ್ಗೆನೇ ಹಾಕ್ಕೊಂಡ್ ಬಂದಿದೀಯಾ, ಯಾರೋ ಅಂದರು, ಬಸ್ಸಿಗೆ ಬಸ್ಸೇ ನಕ್ಕಿತು, ತಿರುಗಿ ಬೈಯಲು ನಾಲಿಗೆ ಏಳಲಿಲ್ಲ. ಆಮೇಲೆ ಉಸಿರೂ ಸೋತು ಗಂಟಲಿಗೆ ಕೊಳವೆ, ಹನ್ನೊಂದು ದಿನ, ಅಪ್ಪ ಸ್ಲೇಟು ತಂದುಕೊಟ್ಟರು, ಮೂವತ್ತನಾಲ್ಕು ವರ್ಷದ ಮಗಳಿಗೆ ಸ್ಲೇಟು, ನಾನು ಬರೆದದ್ದು ಡ್ಯೂಟಿ ಅಂತ ಒಂದೇ ಪದ, ಅಪ್ಪ ಅದನ್ನು ಓದಿ ಕಿಟಕಿಯ ಕಡೆ ತಿರುಗಿಕೊಂಡರು. ಡಾಕ್ಟರ್ ಅಂಬುಜಾ ಮಂಚದಂಚಿಗೆ ಕೂತು, ನೋಡಿ ಸಂಘಮಿತ್ರಾ, ನಿಮ್ಮನ್ನ ಕಾಯಬೇಕಾದ ರಕ್ತದ ಕಣಗಳೇ ನಿಮ್ ಮೇಲೆ ತಿರುಗಿಬಿದ್ದಿವೆ, ನರ ಹೇಳಿದ್ದು ಸ್ನಾಯುಗೆ ತಲುಪ್ತಾ ಇಲ್ಲ, ಒಂದು ಹೊಸ ಚಿಕಿತ್ಸೆ ಪ್ರಯೋಗದಲ್ಲಿದೆ, ನಿಮ್ಮದೇ ಕಣ ತೆಗೆದು, ಲ್ಯಾಬಲ್ಲಿ ತಿದ್ದಿ, ವಾಪಸ್ ನಿಮಗೇ ಕೊಡ್ತೀವಿ ಅಂದರು. ಪ್ರಯೋಗ ಅಂದ್ರೆ ಇಲಿಗಲ್ವಾ ಮೇಡಮ್ ಮಾಡೋದು, ಅಪ್ಪ ಕೇಳಿದರು. ಇಲಿ ಮುಗೀತು ಹನುಮಯ್ಯನವ್ರೇ, ಈಗ ಮನುಷ್ಯರು, ಅದಕ್ಕೇ ಯೋಚ್ನೆ ಮಾಡಿ ಅಂತಿದೀನಿ. ಸಹಿ ಹಾಕಲು ನನಗೆ ಎರಡೂ ಕೈ ಬೇಕಾಯಿತು.

ತಿದ್ದಿದ ಕಣಗಳ ಅಂಗೈಯಗಲದ ಒಂದು ಚೀಲ, ಅಷ್ಟೇ, ಅರ್ಧ ಗಂಟೆಯಲ್ಲಿ ಒಳಗೆ ಹೋಯಿತು, ಆಮೇಲೆ ನಾಲ್ಕು ದಿನ ಜ್ವರ, ಹಾಸಿಗೆ ಒದ್ದೆ, ಸತ್ತೇ ಹೋದೆ ಅಂದುಕೊಂಡೆ, ಆರನೇ ವಾರ ಒಂದು ಬೆಳಗ್ಗೆ ಚಪಾತಿ ಅಗಿಯುತ್ತಿದ್ದೇನೆ, ಎರಡನೆಯದನ್ನೂ ಅಗಿಯುತ್ತಿದ್ದೇನೆ, ದವಡೆ ಸೋತಿಲ್ಲ ಅನ್ನುವುದು ತಟ್ಟೆ ಖಾಲಿಯಾದ ಮೇಲೆ ಹೊಳೆಯಿತು. ಈಗ ಎಂಟು ತಿಂಗಳು, ಒಂದು ಮಾತ್ರೆಯಿಲ್ಲ. ವಾಸಿ ಅನ್ನೋ ಮಾತು ನಾನಿನ್ನೂ ಆಡಲ್ಲ, ಡಾಕ್ಟರ್ ಹೇಳುತ್ತಲೇ ಇರುತ್ತಾರೆ, ಈ ಚಿಕಿತ್ಸೆ ಪಡೆದ ಒಂಬತ್ತು ಜನರಲ್ಲಿ ಇಬ್ಬರಿಗೆ ಮತ್ತೆ ಬಂದಿದೆ, ತಿಂಗಳು ತಿಂಗಳೂ ಬನ್ನಿ — ಬರ್ತೀನಿ ಮೇಡಮ್, ಆ ಇಬ್ಬರ ಮುಖ ನನಗೆ ಗೊತ್ತು, ಆದರೆ ಇವತ್ತು ನಾನು ಏಳು ಜನರಲ್ಲೊಬ್ಬಳು, ಇವತ್ತು ಮತ್ತೆ ಮೊದಲ ಡ್ಯೂಟಿ, ಹೆಗಲಿಗೆ ಚೀಲ, ಕೈಯಲ್ಲಿ ಟಿಕೆಟ್ ಮಷೀನು. ಅಪ್ಪ ಮೆಜೆಸ್ಟಿಕ್ಕಿನಲ್ಲೇ ಹತ್ತಿ ಹಿಂದಿನ ಕೊನೇ ಸೀಟು ಹಿಡಿದಿದ್ದಾರೆ, ನೀನು ಕೂಗು, ಇಲ್ಲಿಗಂಟ ಕೇಳ್ಸಿದ್ರೆ ಕೈ ಎತ್ತೀನಿ ಅಂದಿದ್ದಾರೆ. ವಿಜಯನಗರ, ಯಾರ್ರೀ ವಿಜಯನಗರ, ಬೇಗ ಇಳ್ಕೊಳ್ಳಿ — ನಿಂತವರ ತಲೆಗಳ ಮೇಲೆ ಕೈ ಬಂತು. ಮಾರೇನಹಳ್ಳಿ, ಕೈ. ಯಾರ್ರೀ ಮೂಡಲಪಾಳ್ಯ, ಇಲ್ಲೇ ನನ್ನ ದನಿ ಪೂರ್ತಿ ಕಂತುತ್ತಿದ್ದದ್ದು, ಮೂಡಲಪಾಳ್ಯಾ, ಇನ್ನೂ ಎತ್ತರಕ್ಕೆ ಕೂಗಿದೆ, ಡ್ರೈವರ್ ಕಾಂತರಾಜು ಬೆಚ್ಚಿ, ಮೇಡಮ್, ನಾನಿಲ್ಲೇ ಇದೀನಿ, ಕಿವಿ ಉಳ್ಸಿ ಅಂದರು, ಬಸ್ಸು ನಕ್ಕಿತು, ನಾನೂ ನಕ್ಕೆ, ನಾಗರಬಾವಿ, ಜನ ಕಡಿಮೆಯಾದರು, ಅನ್ನಪೂರ್ಣೇಶ್ವರಿ ನಗರ, ಲಾಸ್ಟ್ ಸ್ಟಾಪ್, ಎಲ್ಲಾ ಇಳೀರಿ, ದನಿ ಇನ್ನೂ ಇದೆ, ಮಿಕ್ಕಿದೆ, ಬಸ್ಸು ಖಾಲಿ — ಕೊನೇ ಸೀಟಿನಲ್ಲಿ ಅಪ್ಪ, ತಲೆ ತಗ್ಗಿಸಿದ್ದಾರೆ, ಭುಜ ಅಲುಗುತ್ತಿದೆ, ಕೈ ಮಾತ್ರ ಮೇಲೆ, ಕೈ ಮಾತ್ರ ಇಳಿಯುತ್ತಿಲ್ಲ