ಗಣಿತದ ಮೇಲೆ ಕೂತ ಲೆಡ್ಡು

ನಾನು ಒಂದು ಲೆಡ್ಡು. ನನ್ನ ಹೆಸರು ಕೇಳಿದವರು ಕಡಿಮೆ, ನನ್ನನ್ನು ಕಂಡವರು ಇನ್ನೂ ಕಡಿಮೆ. ಗದಗಿನ ಒಂದು ಅಚ್ಚುಕೂಟದ ಹಿತ್ತಲಲ್ಲಿ ಕಾಯಿಸಿದ ಸೀಸ ಆರಿ ತೆಳ್ಳನೆಯ ಪಟ್ಟಿಯಾದಾಗ ಹುಟ್ಟಿದೆ. ಮೈಮೇಲೆ ಒಂದು ಅಕ್ಷರವೂ ಇಲ್ಲ. ಅಕ್ಷರದ ಅಚ್ಚುಮೊಳೆಗಳ ಸಾಲಿನ ಮೇಲೆ, ಕೆಳಗೆ ಕೂತು ಕಾಗದದಲ್ಲಿ ಖಾಲಿ ಜಾಗ ಬಿಡಿಸುವುದೇ ನನ್ನ ಉದ್ಯೋಗ. ಮೊಳೆಗಳಿಗಿಂತ ಗಿಡ್ಡ, ಹಾಗಾಗಿ ಮಸಿ ತಾಗುವುದಿಲ್ಲ. ಎಲೆ ಮರೆಯ ಕಾಯಿಗಾದರೂ ಒಂದು ದಿನ ಕಾಣುವ ಯೋಗ ಇರುತ್ತದೆ. ನಾನು ಮೇಲೆದ್ದು ಕಂಡರೆ ಮಾಲೀಕರ ಬೈಗುಳ ಖಂಡಿತ.

ಮಾಲೀಕರು ಅಂದಾನಪ್ಪನವರು. ಅಳತೆಪಟ್ಟಿ ಜೇಬಿನಲ್ಲಿಲ್ಲದೆ ಊಟಕ್ಕೂ ಏಳದ ಮನುಷ್ಯ. ಅವರಲ್ಲಿ ನೀಲಗಂಗವ್ವ ಆರು ವರ್ಷದಿಂದ ಅಚ್ಚಾದ ಮೊಳೆಗಳನ್ನು ಬಿಚ್ಚಿ ಖಾನೆಗಳಿಗೆ ಹಾಕುತ್ತಿದ್ದಳು. ಮೊಳೆ ಜೋಡಿಸುವ ಕೆಲಸ ಗಂಡಸರದ್ದು ಎಂಬುದು ಅಲ್ಲಿನ ರೂಢಿ. ಅವಳು ಬಿಡದೆ ಕೇಳಿ ಕೇಳಿ, ಕೊನೆಗೊಂದು ಪರೀಕ್ಷೆ ಗಿಟ್ಟಿಸಿದಳು. ಶಾಲೆಯೊಂದರ ವಾರ್ಷಿಕ ಪರೀಕ್ಷೆಯ ವೇಳಾಪಟ್ಟಿ ಜೋಡಿಸಬೇಕು. ಸರಿಹೋದರೆ ಕೆಲಸ, ಇಲ್ಲದಿದ್ದರೆ ಮತ್ತೆ ಖಾನೆ.

ಒಂದೊಂದು ಚೌಕದಲ್ಲಿ ಒಂದೊಂದು ವಿಷಯ. ಪದ ಚೌಕದ ನಟ್ಟನಡುವೆ ಕೂರಬೇಕು. ಮೇಲೆ ಎರಡು ಲೆಡ್ಡು, ಕೆಳಗೆ ಎರಡು ಲೆಡ್ಡು ಇಟ್ಟರೆ ಲೆಕ್ಕ ಮುಗಿಯಿತು. ವಿಜ್ಞಾನಕ್ಕೆ ಹಾಗೆಯೇ ಇಟ್ಟಳು. ಗಣಿತದ ಚೌಕದಲ್ಲಿ ಮಾತ್ರ ಕೆಳಗಿದ್ದ ನನ್ನನ್ನು ಎತ್ತಿ ಮೇಲಿಟ್ಟಳು. ನನಗೂ ಗಾಬರಿಯಾಯಿತು, ಇವಳ ಕೈ ತಪ್ಪಿತೇ ಎಂದುಕೊಂಡೆ.

ಅಂದಾನಪ್ಪನವರು ಅಳತೆಪಟ್ಟಿ ಹಿಡಿದು ನೋಡಿದರು. ಮೇಲೆ ಮೂರು, ಕೆಳಗೆ ಒಂದು. ಎರಡು ಎರಡು ಎಣಿಸಲು ಬಾರದವಳು ಮೊಳೆ ಹೇಗೆ ಜೋಡಿಸುತ್ತೀ, ನಾಳೆಯಿಂದ ಖಾನೆ ನೋಡಿಕೋ ಎಂದರು. ಅವಳ ಮುಖ ಬಾಡಿತು. ಆದರೂ ಎರಡು ಬಗೆಯಲ್ಲೂ ಒಂದೊಂದು ಕರಡು ಅಚ್ಚು ತೆಗೆದು ಗೋಡೆಗೆ ಅಂಟಿಸಿದಳು.

"ಸಾವ್ಕಾರ್ರ, ಅಳತೀ ನಡು ಬ್ಯಾರೆ, ಕಣ್ಣಿನ ನಡು ಬ್ಯಾರೆ. ಬಾಗಲದಾಗ ನಿಂತು ನೋಡ್ರಿ."

ಅವರು ಗೊಣಗುತ್ತಲೇ ಬಾಗಿಲಿಗೆ ಹೋದರು. ನಮ್ಮ ಕನ್ನಡದ ಮೊಳೆಯ ಬುಡದಲ್ಲಿ ಒತ್ತಕ್ಷರಕ್ಕೆಂದು ಜಾಗ ಬಿಟ್ಟಿರುತ್ತಾರೆ. ವಿಜ್ಞಾನದಲ್ಲಿ ಒತ್ತು ಇಳಿಬಿದ್ದು ಆ ಜಾಗ ತುಂಬುತ್ತದೆ. ಗಣಿತಕ್ಕೆ ಒತ್ತಿಲ್ಲ, ಸಮ ಸಮ ಲೆಡ್ಡು ಇಟ್ಟರೆ ಅದು ಮೇಲಿನ ಗೆರೆಗೆ ಜೋತುಬಿದ್ದಂತೆ ಕಾಣುತ್ತದೆ. ಆರು ವರ್ಷ ಮೊಳೆ ಬಿಚ್ಚಿದವಳಿಗೆ ಪ್ರತಿ ಮೊಳೆಯ ಬುಡವೂ ಗೊತ್ತಿತ್ತು. ಅಂದಾನಪ್ಪನವರು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಒಳಗೆ ಬಂದು, ಮೊಳೆ ಜೋಡಿಸುವ ಸ್ಟಿಕ್ಕನ್ನು ಅವಳ ಕೈಗಿಟ್ಟರು. ಅಂದಿನಷ್ಟು ಹೆಮ್ಮೆ ನನಗೆ ಮತ್ತೆಂದೂ ಆಗಿಲ್ಲ.

ಕಾಲ ಉರುಳಿತು. ಕಂಪ್ಯೂಟರ್ ಬಂತು. ನನ್ನ ಒಡಹುಟ್ಟಿದವರೆಲ್ಲ ಗುಜರಿಗೆ ಹೋದರು. ನೀಲಗಂಗವ್ವ ನನ್ನೊಬ್ಬನನ್ನು ಸೆರಗಿಗೆ ಕಟ್ಟಿಕೊಂಡಳು. ತಲೆ ನರೆತ ಮೇಲೆ ಕೀಲಿಮಣೆಯನ್ನೂ ಕಲಿತಳು. ಈಗ ನಾನು ಅವಳ ಪರದೆಯ ಪಕ್ಕದಲ್ಲಿ ಮಲಗಿರುತ್ತೇನೆ.

ಒಂದು ಗುಂಡಿ ಒತ್ತಿದರೆ ಸಾಕು, ಪದ ತಾನೇ ಚೌಕದ ನಡುವಿಗೆ ಬಂದು ಕೂರುತ್ತದೆ. ಆದರೆ ಯಂತ್ರಕ್ಕೂ ಅಂದಾನಪ್ಪನವರದ್ದೇ ಅಳತೆಪಟ್ಟಿ; ಗಣಿತ ಇಂದಿಗೂ ಮೇಲೆಯೇ ಜೋತುಬೀಳುತ್ತದೆ. ನೀಲಗಂಗವ್ವ ಒಂದು ಕಣ್ಣು ಮುಚ್ಚಿ, ನನ್ನನ್ನೆತ್ತಿ ಪರದೆಗೆ ಹಿಡಿಯುತ್ತಾಳೆ. ಆಮೇಲೆ ಪದವನ್ನು ಮೆಲ್ಲಗೆ ಕೆಳಗಿಳಿಸುತ್ತಾಳೆ, ಸರಿಯಾಗಿ ನನ್ನ ದಪ್ಪದಷ್ಟು.