ನನಗೇಕೆ ಹೇಳಲಿಲ್ಲ?

ಶಾಲೆಗೆ ಹೊಸ ಆಟದ ಮೇಡಂ ಬಂದಾಗಿನಿಂದ ಮೂರನೇ ತರಗತಿಯ ಮೇಡಂಗೆ ಹೊಟ್ಟೆಕಿಚ್ಚು. ಬಿಡುವು ಸಿಕ್ಕರೆ ಮಕ್ಕಳೆಲ್ಲ ಅವಳ ಹಿಂದೆ. ಮುಂದಿನ ಬೆಂಚಿನ ಪುಟ್ಟಿಯಂತೂ ಅವಳ ಕೈಯನ್ನೇ ಬಿಡುತ್ತಿರಲಿಲ್ಲ. "ಅಕ್ಷರ ತಿದ್ದಿಸಿದವಳು ನಾನು, ಅಕ್ಕರೆಯೆಲ್ಲ ಅವಳಿಗೆ" ಎಂದು ಮೇಡಂ ಒಳಗೊಳಗೇ ಕುದಿಯುತ್ತಿದ್ದರು.

ಒಂದು ದಿನ ಚಹಾ ಕುಡಿಯುವಾಗ ತಡೆಯಲಾಗದೆ ಕೇಳಿಯೇಬಿಟ್ಟರು. "ಏನು ಮಂತ್ರ ಹಾಕಿದ್ದೀರಿ ಪುಟ್ಟಿಗೆ? ಚಾಕಲೇಟ್ ಕೊಡ್ತೀರಾ?"

ಆಟದ ಮೇಡಂ ನಗಲಿಲ್ಲ. ಎದ್ದು ಬಾಗಿಲು ಮುಚ್ಚಿ ಬಂದಳು. "ಅಕ್ಕಾ, ಚೆಂಡು ಎಸೆಯೋಕೆ ನಾನು ಕೈ ಎತ್ತಿದ್ರೆ ಅವಳು ಮುಖ ಮುಚ್ಕೊಳ್ತಾಳೆ. ಕಾಲಿನ ಹಿಂದೆ ಬಾಸುಂಡೆ ಇದೆ."

"ಎಲ್ಲೋ ಬಿದ್ದಿರ್ತಾಳೆ ಬಿಡಿ."

"ಬಿದ್ರೆ ಮಂಡಿ ತರಚುತ್ತೆ. ಬೆಲ್ಟಿನಗಲ ಬರೆ ಬರಲ್ಲ. ಮೆಲ್ಲಗೆ ಕೇಳ್ದೆ. ಅಪ್ಪ ಹೊಡೀತಾರೆ ಅಂದ್ಲು."

ಮೇಡಂಗೆ ಮೊದಲು ಚುಚ್ಚಿದ್ದು ಬಾಸುಂಡೆಯ ಮಾತಲ್ಲ, ಪುಟ್ಟಿ ಅದನ್ನು ಇವಳಿಗೆ ಹೇಳಿದ್ದು. "ಕ್ಲಾಸ್ ಟೀಚರ್ ನಾನು. ನನಗ್ಯಾಕೆ ಹೇಳಲಿಲ್ಲ?"

"ನಾನೂ ಕೇಳ್ದೆ ಅಕ್ಕಾ. ಆ ಮೇಡಂ ಅಪ್ಪಂಗೆ ಹೇಳ್ಬಿಡ್ತಾರೆ ಅಂದ್ಲು."

ಮೇಡಂ ಲೋಟ ಕೆಳಗಿಟ್ಟರು. ಹಿಂದಿನ ವಾರ ಗೇಟಿನ ಬಳಿ ಪುಟ್ಟಿಯ ಅಪ್ಪನನ್ನು ನಿಲ್ಲಿಸಿ, "ಕ್ಲಾಸಲ್ಲಿ ತೂಕಡಿಸ್ತಾಳೆ, ಸ್ವಲ್ಪ ಬುದ್ಧಿ ಹೇಳಿ" ಎಂದವರು ಅವರೇ. ಮರುದಿನ ಪುಟ್ಟಿ ನೆಟ್ಟಗೆ ಕೂರಲಾಗದೆ ಬೆಂಚಿನ ತುದಿಯಲ್ಲಿ ಕುಳಿತಿದ್ದಳು. ಅದಕ್ಕೂ ಗದರಿದ್ದರು.

"ಅವನನ್ನ ಕರೆಸಿ ಕೇಳೋಣ" ಎಂದರು, ದನಿ ಸಣ್ಣದಾಗಿತ್ತು.

"ಬೇಡ ಅಕ್ಕಾ. ಸಂಜೆ ಅದರ ಪೆಟ್ಟೂ ಮಗುವಿಗೇ ಬೀಳುತ್ತೆ. ತನಿಖೆ ನಮ್ಮ ಕೆಲಸ ಅಲ್ಲ. ಅನುಮಾನ ಬಂದ್ರೆ ಸಾಕು, ಮಕ್ಕಳ ಸಹಾಯವಾಣಿಗೆ ತಿಳಿಸ್ಬೇಕು."

"ಸುಳ್ಳಾದ್ರೆ?"

"ಸುಳ್ಳಾದ್ರೆ ಒಳ್ಳೇದೇ ಆಯ್ತು. ನಿಜ ಆಗಿದ್ರೆ?"

ಆಟದ ಮೇಡಂ ಫೋನ್ ತೆಗೆದಳು. ಮೇಡಂ ಅದನ್ನು ಕಿತ್ತುಕೊಂಡಂತೆ ತೆಗೆದುಕೊಂಡರು. "ಕೊಡಿ ಇಲ್ಲಿ. ನನ್ನ ತರಗತಿ ಮಗು, ನಾನೇ ಮಾಡ್ತೀನಿ."

ಶಾಲೆ ಬಿಡುವ ಮೊದಲೇ ಮಕ್ಕಳ ರಕ್ಷಣೆಯ ಸಿಬ್ಬಂದಿ ಬಂದು, ಪುಟ್ಟಿಯ ಜೊತೆ ಮಾತಾಡಿ, ಅವಳ ತಾಯಿಯನ್ನು ಕರೆಸಿದರು. "ನಮ್ಮನೆ ವಿಷಯ ನಿಮಗ್ಯಾಕೆ?" ಎಂದು ರೇಗುತ್ತ ಬಂದ ತಾಯಿ, ಮಾತು ಮುಗಿಯುವ ಹೊತ್ತಿಗೆ "ನಂಗೂ ಹೊಡೀತಾರೆ" ಎಂದು ಅತ್ತಳು. ಈಗ ತಾಯಿ ಮಗಳು ಅಜ್ಜಿಯ ಮನೆಯಲ್ಲಿದ್ದಾರೆ. ಅಪ್ಪನ ಮೇಲೆ ಕೇಸು ನಡೆಯುತ್ತಿದೆ.

ಪುಟ್ಟಿ ಇಂದಿಗೂ ಬಿಡುವಾದರೆ ಆಟದ ಮೇಡಂ ಹತ್ತಿರವೇ ಹೋಗುತ್ತಾಳೆ. ನೋಡಿದಾಗ ಮೇಡಂಗೆ ಈಗಲೂ ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ. ಆದರೂ, ಸದ್ಯ, ಯಾರಿಗಾದರೂ ಹೇಳಿದಳಲ್ಲ ಎಂದುಕೊಳ್ಳುತ್ತಾರೆ.

ಶಿಕ್ಷಕರೇ, ಮಗು ಯಾರ ಮುಂದೆ ಬಾಯಿ ಬಿಟ್ಟಿತು ಎಂಬುದು ದೊಡ್ಡದಲ್ಲ. ಬೆಚ್ಚಿಬೀಳುವ, ತೂಕಡಿಸುವ, ಮನೆಗೆ ಹೋಗಲು ಅಂಜುವ ಮಗುವನ್ನು ಗದರಬೇಡಿ, ಕೇಳಿಸಿಕೊಳ್ಳಿ, ನಂಬಿ. ಮನೆಯವರನ್ನು ವಿಚಾರಿಸಲು ಹೋಗದೆ ಸಹಾಯವಾಣಿಗೆ ಕರೆ ಮಾಡಿ. ನಾಳೆಗೆ ಬಿಡಬೇಡಿ, ಇವತ್ತು ಸಂಜೆ ಆ ಮಗು ಅದೇ ಮನೆಗೆ ಹೋಗಬೇಕಲ್ಲ.